ಧ್ವನಿವರ್ಧಕವು ಧ್ವನಿಗ್ರಾಹಕವಾಗುವ ಬಗೆ

ಕನ್ನಡ ನಾಡಿನ ಊರುಗಳಲ್ಲಿ ಜಾತ್ರೆಯೋ ಮದುವೆಯೋ ನಡೆದು ಹಾಡುಗಳು ದೂರಕ್ಕೆ ಕೇಳತೊಡಗಿದರೆ 'ಮೈಕು ಹಾಕಿದ್ದಾರೆ' ಎಂದು ಜನರು ಹೇಳುವುದು ವಾಡಿಕೆ. ಅದರ ಅಬ್ಬರಕ್ಕೆ ಬೇಸತ್ತವರು 'ಮೈಕಾಸುರ' ಎಂಬ ಹೆಸರನ್ನೂ ಕಟ್ಟಿದ್ದಾರೆ. ವಾಸ್ತವವಾಗಿ ಅಲ್ಲಿ ಕೇಳುವುದು ಮೈಕಿನ ಸದ್ದಲ್ಲ, ಕಂಬಕ್ಕೆ ಕಟ್ಟಿದ ಲೌಡ್‌ಸ್ಪೀಕರಿನ ಸದ್ದು. ಮೈಕು ಶಬ್ದವನ್ನು ಗ್ರಹಿಸುವ ಉಪಕರಣ. ಲೌಡ್‌ಸ್ಪೀಕರು ಶಬ್ದವನ್ನು ಹೊರಡಿಸುವ ಉಪಕರಣ. ಒಂದು ಕಿವಿ, ಇನ್ನೊಂದು ಬಾಯಿ. ಆದುದರಿಂದಲೇ ಗ್ರಂಥಗಳಲ್ಲಿ ಮೊದಲನೆಯದನ್ನು ಧ್ವನಿಗ್ರಾಹಕವೆಂದೂ ಎರಡನೆಯದನ್ನು ಧ್ವನಿವರ್ಧಕವೆಂದೂ ಬೇರ್ಪಡಿಸಿ ಹೇಳುತ್ತಾರೆ.

ಆದರೆ ಜನಸಾಮಾನ್ಯರ ಈ ಮಾತಿನ ಗೊಂದಲದೊಳಗೆ ಭೌತಶಾಸ್ತ್ರವು ಒಪ್ಪಬಹುದಾದ ಒಂದು ಸತ್ಯಾಂಶವೂ ಅಡಗಿದೆ. ಈ ಎರಡು ಉಪಕರಣಗಳು ಮೂಲತಃ ಒಂದೇ ಯಂತ್ರದ ಎರಡು ಪಾತ್ರಗಳು. ಇದನ್ನು ಅರಿತು, ಧ್ವನಿವರ್ಧಕವನ್ನೇ ಧ್ವನಿಗ್ರಾಹಕದ ಸ್ಥಾನದಲ್ಲಿ ನಿಲ್ಲಿಸಿ ಸಂಗೀತವನ್ನು ಮುದ್ರಿಸಿದ ಪ್ರಸಂಗಗಳು ಧ್ವನಿಮುದ್ರಣದ ಇತಿಹಾಸದಲ್ಲಿ ಉಂಟು. ಅದು ಹೇಗೆ ಸಾಧ್ಯವಾಗುತ್ತದೆ, ಅದರಿಂದ ಸಂಗೀತಕ್ಕೆ ದೊರೆತ ಲಾಭವೇನು, ಅದಕ್ಕೆ ತೆತ್ತ ಬೆಲೆಯೇನು, ಅಂಥ ಉಪಾಯವನ್ನು ಎಲ್ಲಿ ಅನುಸರಿಸಬಹುದು, ಎಲ್ಲಿ ಅನುಸರಿಸಬಾರದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

೧. ಒಂದು ತತ್ತ್ವ, ಎರಡು ಕೆಲಸ

೧೮೨೦ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಅರ್ಸ್ಟೆಡ್, ವಿದ್ಯುತ್ತು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಅಲುಗುವುದನ್ನು ಕಂಡು, ವಿದ್ಯುತ್ತಿಗೂ ಅಯಸ್ಕಾಂತಶಕ್ತಿಗೂ ನಂಟಿದೆಯೆಂದು ತೋರಿಸಿದನು. ೧೮೩೧ರಲ್ಲಿ ಇಂಗ್ಲೆಂಡಿನ ಮೈಕೇಲ್ ಫ್ಯಾರಡೆಯು ಇದರ ಇನ್ನೊಂದು ಮುಖವನ್ನು ಕಂಡುಹಿಡಿದನು. ಅಯಸ್ಕಾಂತದ ಕ್ಷೇತ್ರದಲ್ಲಿ ತಂತಿಯು ಚಲಿಸಿದರೆ ಆ ತಂತಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ವಿದ್ಯುತ್ತಿನಿಂದ ಚಲನೆ, ಚಲನೆಯಿಂದ ವಿದ್ಯುತ್ತು: ಮೊದಲನೆಯದು ಮೋಟಾರಿನ ಮೂಲ, ಎರಡನೆಯದು ಡೈನಮೋದ ಮೂಲ.

ಇಂದು ಎಲ್ಲೆಡೆ ಬಳಕೆಯಲ್ಲಿರುವ ಬಗೆಯ ಧ್ವನಿವರ್ಧಕದ ರಚನೆಯನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ರೈಸ್ ಮತ್ತು ಕೆಲಾಗ್ ಎಂಬ ಎಂಜಿನಿಯರರು ೧೯೨೫ರಲ್ಲಿ ವಿವರಿಸಿದರು. ಅದರಲ್ಲಿ ಮುಖ್ಯವಾದ ಅಂಗಗಳು ಮೂರು. ಮೊದಲನೆಯದು, ಅಂಚಿನಲ್ಲಿ ಮೆತ್ತನೆಯ ಪಟ್ಟಿಯಿಂದ ಚೌಕಟ್ಟಿಗೆ ಕೂಡಿಕೊಂಡಿರುವ ಕಾಗದದ ಶಂಕು; ಎರಡನೆಯದು, ಆ ಶಂಕುವಿನ ಕೊರಳಿಗೆ ಸುತ್ತಿದ ತಂತಿಯ ಸುರುಳಿ; ಮೂರನೆಯದು, ಆ ಸುರುಳಿಯನ್ನು ತನ್ನ ಕಿರಿದಾದ ಸಂದಿನಲ್ಲಿ ಹಿಡಿದಿರುವ ಬಲವಾದ ಅಯಸ್ಕಾಂತ. ಸುರುಳಿಗೆ ಸಂಗೀತದ ವಿದ್ಯುತ್ತನ್ನು ಹಾಯಿಸಿದರೆ ಅದು ಶಂಕುವನ್ನು ಮುಂದಕ್ಕೂ ಹಿಂದಕ್ಕೂ ದೂಡುತ್ತದೆ; ಶಂಕು ಗಾಳಿಯನ್ನು ದೂಡುತ್ತದೆ; ಅದೇ ನಮಗೆ ಕೇಳುವ ಶಬ್ದ.

ಈಗ ತಂತಿಯ ತುದಿಗಳನ್ನು ವರ್ಧಕಯಂತ್ರದಿಂದ ಬಿಡಿಸಿ, ಶಂಕುವಿನ ಎದುರಿಗೆ ನಿಂತು ಯಾರಾದರೂ ಹಾಡಿದರೆಂದು ಊಹಿಸಬಹುದು. ಆಗ ಗಾಳಿಯು ಶಂಕುವನ್ನು ದೂಡುತ್ತದೆ. ಶಂಕುವಿನೊಡನೆ ಸುರುಳಿಯೂ ಅಯಸ್ಕಾಂತದ ಸಂದಿನಲ್ಲಿ ಚಲಿಸುತ್ತದೆ. ಫ್ಯಾರಡೆಯ ನಿಯಮದಂತೆ ಸುರುಳಿಯಲ್ಲಿ ಆ ಹಾಡಿನ ಆಕಾರದ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಮುದ್ರಣಯಂತ್ರಕ್ಕೆ ಒಯ್ದರೆ ಧ್ವನಿವರ್ಧಕವೇ ಧ್ವನಿಗ್ರಾಹಕವಾಯಿತು. ಯಾವ ಅಂಗವನ್ನೂ ಸೇರಿಸಿದುದಿಲ್ಲ, ತೆಗೆದುದೂ ಇಲ್ಲ. ವಿದ್ಯುತ್ತಿನಿಂದ ಎಷ್ಟು ಬಲ ಹುಟ್ಟುತ್ತದೆ, ಚಲನೆಯಿಂದ ಎಷ್ಟು ವಿದ್ಯುತ್ತು ಹುಟ್ಟುತ್ತದೆ ಎಂಬ ಎರಡು ಲೆಕ್ಕಗಳಿಗೂ ಆಧಾರವಾದ ಪ್ರಮಾಣ ಒಂದೇ: ಅಯಸ್ಕಾಂತದ ಬಲವನ್ನು ತಂತಿಯ ಉದ್ದದಿಂದ ಗುಣಿಸಿದಾಗ ದೊರೆಯುವ ಅಂಕಿ. ರೂಪಾಯಿಗೆ ಡಾಲರನ್ನೂ ಡಾಲರಿಗೆ ರೂಪಾಯಿಯನ್ನೂ ದಲ್ಲಾಳಿಯಿಲ್ಲದೆ ಒಂದೇ ದರದಲ್ಲಿ ಬದಲಿಸಿಕೊಡುವ ಅಂಗಡಿಯಂತೆ ಈ ಯಂತ್ರದ ವ್ಯವಹಾರ.

ಎಲ್ಲ ಧ್ವನಿಗ್ರಾಹಕಗಳಿಗೂ ಈ ಗುಣವಿಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ಹಳೆಯ ಟೆಲಿಫೋನುಗಳಲ್ಲಿದ್ದ ಇದ್ದಿಲು ಹರಳಿನ ಗ್ರಾಹಕದಲ್ಲಿ ಶಬ್ದದ ಒತ್ತಡಕ್ಕೆ ಹರಳುಗಳ ವಿದ್ಯುತ್‌ನಿರೋಧವು ಹೆಚ್ಚುಕಡಿಮೆಯಾಗುತ್ತಿತ್ತು. ಅದು ಬ್ಯಾಟರಿಯಿಂದ ಬರುವ ವಿದ್ಯುತ್ತನ್ನು ತಿದ್ದುತ್ತಿತ್ತೇ ಹೊರತು ತಾನೇ ಹುಟ್ಟಿಸುತ್ತಿರಲಿಲ್ಲ. ಅಂಥದನ್ನು ತಿರುಗಿಸಿ ಧ್ವನಿವರ್ಧಕವನ್ನಾಗಿ ಮಾಡಲಾಗದು. ಚಲಿಸುವ ಸುರುಳಿಯ ಯಂತ್ರಕ್ಕಾದರೋ ಎರಡು ದಾರಿಯೂ ತೆರೆದಿದೆ. ಬೆಲ್ ಪ್ರಯೋಗಶಾಲೆಯ ವೆಂಟೆ ಮತ್ತು ಥುರಾಸ್ ಎಂಬ ವಿಜ್ಞಾನಿಗಳು ೧೯೩೧ರಲ್ಲಿ ಸುರುಳಿಯ ಧ್ವನಿಗ್ರಾಹಕವನ್ನು ಲೋಕಕ್ಕೆ ಪರಿಚಯಿಸಿದಾಗ, ಅದೇ ಬಗೆಯ ಕೇಳುವ ಉಪಕರಣವನ್ನೂ ಅದೇ ಪ್ರಬಂಧದಲ್ಲಿ ಜೊತೆಗೂಡಿಸಿಯೇ ವಿವರಿಸಿದ್ದರು.

೨. ಹಳೆಯ ಪರಿಚಯ

ಈ ತಿರುಗುಮುರುಗು ಸಂಗೀತಗಾರರು ಕಂಡುಹಿಡಿದುದಲ್ಲ. ಅಲೆಕ್ಸಾಂಡರ್ ಗ್ರಹಾಂ ಬೆಲ್ಲನ ಟೆಲಿಫೋನು ೧೮೭೭ರಲ್ಲಿ ವ್ಯಾಪಾರಕ್ಕೆ ಬಂದಾಗ ಅದರಲ್ಲಿ ಮಾತಾಡುವ ಬಾಯಿ ಬೇರೆ, ಕೇಳುವ ಕಿವಿ ಬೇರೆ ಇರಲಿಲ್ಲ. ಅಯಸ್ಕಾಂತದ ಒಂದೇ ಉಪಕರಣವನ್ನು ಮಾತಾಡುವಾಗ ಬಾಯಿಗೂ ಕೇಳುವಾಗ ಕಿವಿಗೂ ಹಿಡಿಯಬೇಕಾಗಿತ್ತು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಕಚೇರಿಗಳ ಮೇಜಿನ ಮೇಲಿರುತ್ತಿದ್ದ ಇಂಟರ್‌ಕಾಂ ಪೆಟ್ಟಿಗೆಗಳಲ್ಲಿಯೂ ಇದೇ ಏರ್ಪಾಡಿತ್ತು. ಗುಂಡಿಯನ್ನೊತ್ತಿದರೆ ಪೆಟ್ಟಿಗೆಯ ಚಿಕ್ಕ ಧ್ವನಿವರ್ಧಕವು ಅಧಿಕಾರಿಯ ಮಾತನ್ನು ಕೇಳಿಸಿಕೊಳ್ಳುವುದು; ಗುಂಡಿಯನ್ನು ಬಿಟ್ಟರೆ ಗುಮಾಸ್ತನ ಉತ್ತರವನ್ನು ಹೇಳುವುದು.

ಅಳತೆಯ ಶಾಸ್ತ್ರದಲ್ಲಂತೂ ಈ ತತ್ತ್ವಕ್ಕೆ ಇನ್ನೂ ಹಿರಿಯ ಸ್ಥಾನವಿದೆ. ಒಂದು ಧ್ವನಿಗ್ರಾಹಕವು ಎಷ್ಟು ಶಬ್ದಕ್ಕೆ ಎಷ್ಟು ವಿದ್ಯುತ್ತನ್ನು ಕೊಡುತ್ತದೆಂದು ನಿಷ್ಕರ್ಷಿಸಬೇಕಾದರೆ, ಮೊದಲು ಆ ಶಬ್ದ ಎಷ್ಟೆಂಬುದು ತಿಳಿದಿರಬೇಕು. ಶಬ್ದ ಎಷ್ಟೆಂದು ತಿಳಿಯಬೇಕಾದರೆ ನಂಬಿಕೆಗೆ ಅರ್ಹವಾದ ಧ್ವನಿಗ್ರಾಹಕ ಬೇಕು. ಈ ಚಕ್ರವನ್ನು ಮುರಿಯುವ ದಾರಿಯನ್ನು ೧೯೪೦ರಲ್ಲಿ ಮೆಕ್ಲೀನ್ ಎಂಬ ವಿಜ್ಞಾನಿ ತೋರಿಸಿದನು. ತಿರುಗುಮುರುಗಾಗಬಲ್ಲ ಗ್ರಾಹಕಗಳನ್ನು ಎದುರುಬದುರು ನಿಲ್ಲಿಸಿ, ಒಂದನ್ನು ಹಾಡಿಸಿ ಇನ್ನೊಂದನ್ನು ಕೇಳಿಸಿದರೆ, ವಿದ್ಯುತ್ತಿನ ಮತ್ತು ದೂರದ ಅಳತೆಗಳಿಂದಲೇ ಅವುಗಳ ಶಕ್ತಿಯನ್ನು ಲೆಕ್ಕ ಹಾಕಬಹುದು. ರಾಷ್ಟ್ರೀಯ ಪ್ರಯೋಗಶಾಲೆಗಳು ತಮ್ಮ ಮೂಲಮಾದರಿಯ ಧ್ವನಿಗ್ರಾಹಕಗಳನ್ನು ಪರೀಕ್ಷಿಸುವುದಕ್ಕೆ ಅನುಸರಿಸುವುದು ಇಂದಿಗೂ ಇದೇ ಮಾರ್ಗವನ್ನು. ಹೀಗೆ ಹಾಡುವ ವಸ್ತುವೇ ಕೇಳುವ ವಸ್ತುವೂ ಆಗಬಲ್ಲುದೆಂಬುದು ಚಮತ್ಕಾರದ ಮಾತಲ್ಲ, ಶಾಸ್ತ್ರವು ಕಾಲೂರಿ ನಿಂತಿರುವ ನೆಲ.

೩. ಲಂಡನ್ನಿನ ಪ್ರಸಂಗ

ಸಂಗೀತದ ಧ್ವನಿಮುದ್ರಣದಲ್ಲಿ ಈ ಉಪಾಯವು ಪ್ರಸಿದ್ಧಿಗೆ ಬಂದುದು ೧೯೬೬ರ ಏಪ್ರಿಲ್ ತಿಂಗಳಲ್ಲಿ. ಸ್ಥಳ, ಲಂಡನ್ನಿನ ಅಬೆ ರಸ್ತೆಯಲ್ಲಿ ಇ.ಎಂ.ಐ. ಸಂಸ್ಥೆಗೆ ಸೇರಿದ್ದ ಮುದ್ರಣಾಲಯ. ಅಂದು ಅಲ್ಲಿ ಹಾಡುತ್ತಿದ್ದವರು ಬೀಟಲ್ಸ್ ತಂಡದವರು. ನಿರ್ಮಾಪಕರು ಜಾರ್ಜ್ ಮಾರ್ಟಿನ್. ಹಾಡು 'ಪೇಪರ್‌ಬ್ಯಾಕ್ ರೈಟರ್'. ಮುದ್ರಣದ ಹೊಣೆ ಹೊತ್ತಿದ್ದ ಜೆಫ್ ಎಮೆರಿಕ್‌ಗೆ ಆಗ ಕೇವಲ ಇಪ್ಪತ್ತು ವರ್ಷ. ಮುಖ್ಯ ಎಂಜಿನಿಯರನಾಗಿ ಆ ತಂಡದೊಡನೆ ಕೆಲಸಕ್ಕೆ ತೊಡಗಿ ಒಂದೆರಡು ವಾರ ಮಾತ್ರ ಕಳೆದಿತ್ತು.

ತಂಡದವರ ಕೊರತೆ ಒಂದೇ. ಅಮೆರಿಕದಿಂದ ಬರುತ್ತಿದ್ದ ತಟ್ಟೆಗಳಲ್ಲಿ ಬೇಸ್ ಗಿಟಾರಿನ ಮಂದ್ರನಾದವು ತುಂಬಿ ಕೇಳುತ್ತಿತ್ತು. ತಮ್ಮ ತಟ್ಟೆಗಳಲ್ಲಿ ಅದು ಹಿಂದೆ ಸರಿದು ನಿಲ್ಲುತ್ತಿತ್ತು. ಇದಕ್ಕೆ ಸಂಸ್ಥೆಯ ಎಚ್ಚರಿಕೆಯೂ ಒಂದು ಕಾರಣ. ತಟ್ಟೆಯ ಮೇಲೆ ಮಂದ್ರನಾದಗಳು ಅಗಲವಾದ ಅಂಕುಡೊಂಕಿನ ಗೆರೆಗಳಾಗಿ ಕೊರೆಯಲ್ಪಡುತ್ತವೆ. ಅವು ಅತಿಯಾದರೆ ಕೊಳ್ಳುವವನ ಮನೆಯ ಗ್ರಾಮೋಫೋನಿನ ಮುಳ್ಳು ಗೆರೆಯಿಂದ ಹಾರುವ ಭಯ. ಬಿಳಿಯ ಮೇಲಂಗಿ ತೊಟ್ಟ ತಂತ್ರಜ್ಞರು ಉಪಕರಣಗಳನ್ನು ನೋಡಿಕೊಳ್ಳುತ್ತಿದ್ದ ಆ ಸಂಸ್ಥೆಯಲ್ಲಿ, ಯಾವ ವಾದ್ಯಕ್ಕೆ ಮೈಕನ್ನು ಎಷ್ಟು ಸಮೀಪ ಇಡಬಹುದೆಂಬುದಕ್ಕೂ ಕಟ್ಟುಪಾಡುಗಳಿದ್ದುವು.

ಎಮೆರಿಕ್ ಯೋಚಿಸಿದ ರೀತಿ ಸರಳವಾಗಿತ್ತು. ಮಂದ್ರನಾದವನ್ನು ಹೊರಕ್ಕೆ ದೂಡಬಲ್ಲ ದೊಡ್ಡ ಶಂಕುವು ಅದೇ ನಾದವನ್ನು ಒಳಕ್ಕೆ ತೆಗೆದುಕೊಳ್ಳಲಾರದೇಕೆ? ಪಾಲ್ ಮೆಕಾರ್ಟ್ನಿಯ ಬೇಸ್ ಗಿಟಾರಿನ ನಾದವು ಹೊರಬರುತ್ತಿದ್ದ ಧ್ವನಿವರ್ಧಕದ ಎದುರಿಗೆ, ಮೈಕಿಗೆ ಬದಲಾಗಿ, ಇನ್ನೊಂದು ಧ್ವನಿವರ್ಧಕವನ್ನು ಮುಖಕ್ಕೆ ಮುಖವಾಗಿ ನಿಲ್ಲಿಸಿದರು. ಮೊದಲನೆಯ ಶಂಕು ಗಾಳಿಯನ್ನು ದೂಡಿತು. ಗಾಳಿ ಎರಡನೆಯ ಶಂಕುವನ್ನು ದೂಡಿತು. ಎರಡನೆಯದರ ಸುರುಳಿಯಲ್ಲಿ ಹುಟ್ಟಿದ ವಿದ್ಯುತ್ತು ಟೇಪಿನ ಮೇಲೆ ಮುದ್ರಿತವಾಯಿತು. ಈ ಏರ್ಪಾಡಿನಲ್ಲಿ ಸಂಸ್ಥೆಯ ತಂತ್ರಜ್ಞ ಕೆನ್ ಟೌನ್‌ಸೆಂಡ್‌ನ ನೆರವೂ ಇತ್ತು. ಹಾಗೆ ದೊರೆತ ತುಂಬುನಾದವನ್ನು ತಟ್ಟೆಗೆ ಇಳಿಸುವಾಗ ಮುಳ್ಳು ಹಾರದಂತೆ ಕಾಯುವುದಕ್ಕೆ ಸಂಸ್ಥೆಯವರೇ ಸಿದ್ಧಪಡಿಸಿದ್ದ ಹೊಸದೊಂದು ನಿಯಂತ್ರಣಯಂತ್ರವನ್ನು ಬಳಸಿದರು. ೧೯೬೬ರ ಜೂನ್ ತಿಂಗಳಲ್ಲಿ ಬ್ರಿಟನ್ನಿನಲ್ಲಿ ಆ ತಟ್ಟೆ ಹೊರಬಂದಾಗ, ಅದರ ಮಂದ್ರನಾದವು ಅಂದಿನವರೆಗಿನ ಬೀಟಲ್ಸ್ ತಟ್ಟೆಗಳಿಗಿಂತ ಸ್ಪಷ್ಟವಾಗಿ ಮುಂದೆ ಬಂದು ನಿಂತಿತ್ತು.

ಈ ಪ್ರಸಂಗದಲ್ಲಿ ಗಮನಿಸಬೇಕಾದ ಸಂಗತಿ ಒಂದುಂಟು. ಆ ಮುದ್ರಣಾಲಯದಲ್ಲಿ ಮೈಕುಗಳ ಬಡತನವಿರಲಿಲ್ಲ. ಜಗತ್ತಿನ ಶ್ರೇಷ್ಠವಾದ ಧ್ವನಿಗ್ರಾಹಕಗಳು ಅಲ್ಲಿದ್ದುವು. ಅವುಗಳನ್ನು ಬದಿಗಿಟ್ಟು ಧ್ವನಿವರ್ಧಕವನ್ನು ಕರೆದುದು ಇಲ್ಲದುದಕ್ಕೆ ಬದಲಿಯಾಗಿ ಅಲ್ಲ, ಅದಕ್ಕಿದ್ದ ಒಂದು ವಿಶೇಷ ಗುಣಕ್ಕಾಗಿ. ಆ ಗುಣವನ್ನು ಲೆಕ್ಕಶಾಸ್ತ್ರವು ದೋಷವೆಂದೇ ಕರೆಯುತ್ತದೆ.

೪. ಭಾರದ ಗುಣದೋಷ

ಸುರುಳಿಯ ಧ್ವನಿಗ್ರಾಹಕದ ಪಟಲವೂ ಸುರುಳಿಯೂ ಕೂಡಿ ಒಂದು ಗ್ರಾಮಿಗಿಂತ ಬಹಳ ಹಗುರ. ಹದಿನಾರು ಸೆಂಟಿಮೀಟರ್ ಅಗಲದ ಸಾಮಾನ್ಯ ಧ್ವನಿವರ್ಧಕದ ಶಂಕುವೂ ಸುರುಳಿಯೂ ಹತ್ತು ಹದಿನೈದು ಗ್ರಾಂ ತೂಗುತ್ತವೆ. ಈ ಭಾರವೇ ಎಲ್ಲ ವ್ಯತ್ಯಾಸಕ್ಕೂ ಮೂಲ.

ಭಾರವಾದ ಬಂಡಿಯೊಂದನ್ನು ಒಂದೇ ಬಲದಿಂದ ಮುಂದಕ್ಕೂ ಹಿಂದಕ್ಕೂ ನೂಕುವುದನ್ನು ಊಹಿಸಬೇಕು. ನಿಧಾನವಾಗಿ ದಿಕ್ಕು ಬದಲಿಸಿದರೆ ಬಂಡಿ ಪ್ರತಿಸಲವೂ ಸಾಕಷ್ಟು ವೇಗವನ್ನು ಪಡೆಯುತ್ತದೆ. ದಿಕ್ಕನ್ನು ಬೇಗಬೇಗ ಬದಲಿಸಿದರೆ, ವೇಗ ಕೂಡುವ ಮೊದಲೇ ಅದು ಹಿಂದಿರುಗಬೇಕಾಗುತ್ತದೆ. ಶಂಕುವಿನ ಗತಿಯೂ ಇದೇ. ಸುರುಳಿಯಲ್ಲಿ ಹುಟ್ಟುವ ವಿದ್ಯುತ್ತು ಅದರ ವೇಗವನ್ನು ಅನುಸರಿಸುವುದರಿಂದ, ನಾದವು ಒಂದು ಸ್ಥಾಯಿ ಮೇಲೇರಿದಂತೆ ವಿದ್ಯುತ್ತು ಅರ್ಧಕ್ಕಿಳಿಯುತ್ತದೆ. ಸೆಕೆಂಡಿಗೆ ೧೦೦ ಕಂಪನಗಳ ನಾದಕ್ಕೆ ದೊರೆಯುವ ವಿದ್ಯುತ್ತನ್ನು ಒಂದೆಂದು ಎಣಿಸಿದರೆ, ೨೦೦ಕ್ಕೆ ಅರ್ಧ, ೪೦೦ಕ್ಕೆ ಕಾಲು. ೩೨೦೦ ಕಂಪನಗಳನ್ನು ಮುಟ್ಟುವ ವೇಳೆಗೆ ಮೂವತ್ತೆರಡನೆಯ ಒಂದು ಭಾಗ ಮಾತ್ರ ಉಳಿಯುತ್ತದೆ.

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಅದೇ ಶಂಕು ಹಾಡುವಾಗ ತಾರನಾದಗಳನ್ನು ಇಷ್ಟು ಕಳೆದುಕೊಳ್ಳುವುದಿಲ್ಲವಲ್ಲ, ಕೇಳುವಾಗ ಮಾತ್ರ ಏಕೆ ಕಳೆದುಕೊಳ್ಳುತ್ತದೆ? ಉತ್ತರವಿಷ್ಟೆ: ಹಾಡುವಾಗ ಗಾಳಿಗೆ ಬೇಕಾದುದು ಶಂಕುವಿನ ವೇಗವಲ್ಲ, ವೇಗದ ಬದಲಾವಣೆ, ಅಂದರೆ ವೇಗೋತ್ಕರ್ಷ. ಒಂದೇ ಬಲಕ್ಕೆ ಒಂದು ಭಾರದ ವೇಗೋತ್ಕರ್ಷವು ಯಾವ ಸ್ಥಾಯಿಯಲ್ಲಿಯೂ ಒಂದೇ. ಆದುದರಿಂದ ಭಾರವು ಧ್ವನಿವರ್ಧಕಕ್ಕೆ ಸಮತೆಯನ್ನು ತರುತ್ತದೆ. ಅದೇ ಭಾರ ಅದೇ ಯಂತ್ರವನ್ನು ತಾರನಾದಗಳಿಗೆ ಕಿವುಡಾದ ಧ್ವನಿಗ್ರಾಹಕವನ್ನಾಗಿ ಮಾಡುತ್ತದೆ. ವೆಂಟೆ ಮತ್ತು ಥುರಾಸರು ಹಗುರವಾದ ಪಟಲವನ್ನು ಆರಿಸಿಕೊಂಡು, ಅದರ ಹಿಂದೆ ಇಕ್ಕಟ್ಟಾದ ಗಾಳಿದಾರಿಗಳನ್ನು ಮಾಡಿ ಅದರ ಚಲನೆಯನ್ನು ಹದವಾಗಿ ತಡೆದುದು ಈ ಕಿವುಡನ್ನು ನೀಗುವುದಕ್ಕಾಗಿಯೇ.

ಶಂಕುವಿನ ಅಗಲವೂ ಇದಕ್ಕೆ ಸೇರುತ್ತದೆ. ೫೦ ಕಂಪನಗಳ ನಾದದ ಅಲೆ ಸುಮಾರು ಏಳು ಮೀಟರ್ ಉದ್ದ. ಅದು ಇಡಿಯ ಶಂಕುವನ್ನು ಒಟ್ಟಿಗೆ ದೂಡುತ್ತದೆ. ೫೦೦೦ ಕಂಪನಗಳ ಅಲೆ ಸುಮಾರು ಏಳೇ ಸೆಂಟಿಮೀಟರ್. ಅದು ಪಕ್ಕದಿಂದ ಬಂದರೆ ಶಂಕುವಿನ ಒಂದು ಭಾಗವನ್ನು ಒಳಕ್ಕೂ ಇನ್ನೊಂದು ಭಾಗವನ್ನು ಹೊರಕ್ಕೂ ಎಳೆದು ತನ್ನ ಪರಿಣಾಮವನ್ನು ತಾನೇ ಅಳಿಸಿಕೊಳ್ಳುತ್ತದೆ.

ಕೊನೆಯದಾಗಿ, ಪ್ರತಿಯೊಂದು ಶಂಕುವಿಗೂ ತನ್ನದೇ ಆದ ಒಂದು ಸಹಜ ಕಂಪನವಿದೆ. ಮೇಲೆ ಹೇಳಿದ ಗಾತ್ರದವುಗಳಲ್ಲಿ ಅದು ಸಾಮಾನ್ಯವಾಗಿ ಸೆಕೆಂಡಿಗೆ ೪೦ರಿಂದ ೮೦ರ ಆಸುಪಾಸು. ಆ ಶ್ರುತಿಗೆ ಹತ್ತಿರವಾದ ನಾದ ಬಂದಾಗ ಶಂಕು ಅನುರಣಿಸುತ್ತದೆ. ನಾದ ನಿಂತ ಮೇಲೂ ತುಸುಹೊತ್ತು ತೂಗಾಡುತ್ತದೆ. ಬೇಸ್ ಗಿಟಾರಿನ ಅತಿ ಮಂದ್ರ ತಂತಿಯ ಕಂಪನಗಳು ಸೆಕೆಂಡಿಗೆ ಸುಮಾರು ೪೧. ಅಂಥ ನಾದಗಳಿಗೆ ಧ್ವನಿವರ್ಧಕವು ಅಷ್ಟೊಂದು ಒಲಿದು ಕೇಳುವುದು ಈ ಕಾರಣದಿಂದಲೇ. ಭಾರವು ಮಂದ್ರಕ್ಕೆ ಅನುಕೂಲವೆಂಬುದು ನಮ್ಮ ವಾದ್ಯಗಾರರಿಗೆ ಹೊಸದಲ್ಲ. ಮೃದಂಗದ ಎಡಮುಖಕ್ಕೆ ಕಚೇರಿಯ ಮುನ್ನ ರವೆಯ ಕಣಕವನ್ನು ಮೆತ್ತುವುದು ಆ ಚರ್ಮದ ನಾದವನ್ನು ಕೆಳಕ್ಕಿಳಿಸುವುದಕ್ಕಾಗಿಯೇ.

೫. ಭೇರಿಯ ಮುಂದೆ

ಮುಂದಿನ ದಶಕಗಳಲ್ಲಿ ಈ ಉಪಾಯವು ಬೇಸ್ ಗಿಟಾರಿಗಿಂತ ಹೆಚ್ಚಾಗಿ, ಕಾಲಿನ ಮೆಟ್ಟಿಗೆಯಿಂದ ಬಡಿಯುವ ಪಾಶ್ಚಾತ್ಯ ದೊಡ್ಡ ಭೇರಿಗೆ ಬಳಕೆಯಾಯಿತು. ಜಪಾನಿನ ಯಾಮಹಾ ಕಂಪೆನಿಯು ೧೯೭೮ರಲ್ಲಿ ಹೊರತಂದ ಎನ್.ಎಸ್. ೧೦ ಎಂಬ ಧ್ವನಿವರ್ಧಕವು ಜಗತ್ತಿನ ಮುದ್ರಣಾಲಯಗಳಲ್ಲೆಲ್ಲ ಹರಡಿತ್ತು. ಅದರ ಬಿಳಿಯ ಶಂಕುವನ್ನು ಪೆಟ್ಟಿಗೆಯಿಂದ ಬಿಚ್ಚಿ ಭೇರಿಯ ಮುಂದೆ ನಿಲ್ಲಿಸುವುದು ಎಂಜಿನಿಯರರಲ್ಲಿ ರೂಢಿಯಾಯಿತು. ಕೊನೆಗೆ ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಅದೇ ಕಂಪೆನಿಯು, ಧ್ವನಿವರ್ಧಕದ ಶಂಕುವೊಂದನ್ನು ಪುಟ್ಟ ಡ್ರಮ್ಮಿನ ಬಳೆಯೊಳಗೆ ತೂಗುಹಾಕಿ 'ಸಬ್‌ಕಿಕ್' ಎಂಬ ಹೆಸರಿನಿಂದ ಮಾರಿತು. ಆ ಸರಕಿನ ತಯಾರಿಕೆ ಬಳಿಕ ನಿಂತುಹೋದರೂ ಉಪಾಯವು ಉಳಿದಿದೆ. ಕೈಗೆ ಬಂದ ಹಳೆಯ ರೇಡಿಯೋದ ಧ್ವನಿವರ್ಧಕದಿಂದಲೂ ಇದನ್ನು ಮಾಡಬಹುದು. ಆದರೆ ಮಾಡುವವರು ಕೆಲವು ಸಂಗತಿಗಳನ್ನು ತಿಳಿದಿರಬೇಕು.

ಒಂದು: ಬರಿಯ ಶಂಕುವಿನ ತಂತಿಗಳನ್ನೇ ಬಳಸಬೇಕು. ಒಳಗೆ ವರ್ಧಕಯಂತ್ರವನ್ನು ಹೊಂದಿರುವ ಪೆಟ್ಟಿಗೆಗಳು ಹಿಮ್ಮುಖವಾಗಿ ಕೆಲಸ ಮಾಡಲಾರವು.

ಎರಡು: ಬಿಚ್ಚಿದ ಶಂಕುವಿಗೆ ಮುಂದಿನಿಂದಲೂ ಹಿಂದಿನಿಂದಲೂ ಗಾಳಿ ತಾಗುವುದರಿಂದ ದೂರದ ಮಂದ್ರನಾದಗಳು ಎರಡು ಕಡೆಯಿಂದಲೂ ಬಂದು ಬಹುಪಾಲು ರದ್ದಾಗುತ್ತವೆ. ಆದುದರಿಂದ ವಾದ್ಯಕ್ಕೆ ಅದನ್ನು ತೀರ ಸಮೀಪದಲ್ಲಿ ಇಡಬೇಕು.

ಮೂರು: ದೊಡ್ಡ ಭೇರಿಯ ಮುಂದೆ ಈ ಶಂಕುವು ಮೈಕಿಗಿಂತ ಬಹಳ ಹೆಚ್ಚು ವಿದ್ಯುತ್ತನ್ನು ಕೊಡಬಲ್ಲುದು. ಮುದ್ರಣಯಂತ್ರವು ತಾಳುವಷ್ಟಕ್ಕೆ ಅದನ್ನು ತಗ್ಗಿಸಿಕೊಳ್ಳಬೇಕು. ಬೇರೆ ಬಗೆಯ ಮೈಕುಗಳಿಗಾಗಿ ಯಂತ್ರವು ತಂತಿಯಲ್ಲಿಯೇ ಕಳುಹಿಸುವ ೪೮ ವೋಲ್ಟಿನ ವಿದ್ಯುತ್ತು ಇದಕ್ಕೆ ಬೇಡ. ಅದನ್ನು ನಿಲ್ಲಿಸಿರುವುದು ಕ್ಷೇಮ.

ನಾಲ್ಕು: ಧ್ವನಿವರ್ಧಕದ ಧನತುದಿಗೆ ಧನವಿದ್ಯುತ್ತು ಬಂದರೆ ಶಂಕು ಹೊರಕ್ಕೆ ಸರಿಯಬೇಕೆಂಬುದು ರೂಢಿ. ಕೇಳುವಾಗಲಾದರೋ ಗಾಳಿಯ ಒತ್ತಡವು ಶಂಕುವನ್ನು ಒಳಕ್ಕೆ ದೂಡುತ್ತದೆ. ಆಗ ಅದೇ ತುದಿಯಲ್ಲಿ ಋಣವಿದ್ಯುತ್ತು ಹುಟ್ಟುತ್ತದೆ. ಮೈಕಿನ ರೂಢಿ ಇದಕ್ಕೆ ವಿರುದ್ಧ. ತಂತಿಗಳನ್ನು ಅದಲುಬದಲು ಮಾಡದೆ ಈ ನಾದವನ್ನು ಮೈಕಿನ ನಾದದೊಡನೆ ಕೂಡಿಸಿದರೆ, ಮಂದ್ರವು ಹೆಚ್ಚುವುದಕ್ಕೆ ಬದಲಾಗಿ ಒಂದು ಇನ್ನೊಂದನ್ನು ನುಂಗಿ ಕಡಿಮೆಯಾಗುತ್ತದೆ. ಪ್ರಯೋಗ ಕೆಟ್ಟಿತೆಂದು ಕೈಬಿಟ್ಟವರಲ್ಲಿ ಅನೇಕರ ವಿಷಯದಲ್ಲಿ ಕೆಟ್ಟಿದ್ದುದು ಇದೊಂದೇ ಇರಬಹುದು.

ಐದು: ತತ್ತ್ವವು ತಿರುಗುಮುರುಗಾದರೂ ತಾಳಿಕೆಯು ಹಾಗಲ್ಲ. ಧ್ವನಿವರ್ಧಕವನ್ನು ಮೈಕಾಗಿ ಬಳಸಿದರೆ ಅದಕ್ಕೆ ಹಾನಿಯಿಲ್ಲ. ಆದರೆ ಮೈಕಿಗೆ ವರ್ಧಕಯಂತ್ರದ ವಿದ್ಯುತ್ತನ್ನು ಹಾಯಿಸಿ ಹಾಡಿಸಹೊರಟರೆ ಅದರ ಕೂದಲೆಳೆಯ ಸುರುಳಿ ಸುಟ್ಟುಹೋದೀತು.

೬. ಪ್ರತಿಲಿಪಿಯೋ ವ್ಯಾಖ್ಯಾನವೋ?

ಇಷ್ಟನ್ನು ತಿಳಿದ ಮೇಲೆ ಮುಖ್ಯವಾದ ಪ್ರಶ್ನೆ ಉಳಿಯುತ್ತದೆ. ತಾರನಾದಗಳನ್ನು ಕಳೆಯುವ, ಮಂದ್ರಕ್ಕೆ ತನ್ನ ಸ್ವಂತ ಅನುರಣನವನ್ನು ಸೇರಿಸುವ ಉಪಕರಣದಿಂದ ಮುದ್ರಿತವಾದ ನಾದವನ್ನು ನಿಜವಾದ ನಾದವೆನ್ನಬಹುದೇ? ಹಸ್ತಪ್ರತಿಗಳೊಡನೆ ಪಳಗಿದವರಿಗೆ ಈ ಪ್ರಶ್ನೆ ಅಪರಿಚಿತವಲ್ಲ. ಪ್ರತಿಲಿಪಿಕಾರನು ಮೂಲದಲ್ಲಿದ್ದುದನ್ನು ಇದ್ದಂತೆ ಬರೆಯಬೇಕು. ವ್ಯಾಖ್ಯಾನಕಾರನಿಗೆ ಯಾವುದನ್ನು ಎತ್ತಿ ಹೇಳಬೇಕೆಂದು ನಿರ್ಧರಿಸುವ ಸ್ವಾತಂತ್ರ್ಯವುಂಟು. ಇಬ್ಬರ ಕೆಲಸವೂ ಗೌರವದ್ದೇ. ವ್ಯಾಖ್ಯಾನವನ್ನು ಮೂಲವೆಂದು ದಾಟಿಸಿದಾಗ ಮಾತ್ರ ಅಪರಾಧ.

೧೯೬೬ರ ಲಂಡನ್ನಿನ ಮುದ್ರಣವು ವ್ಯಾಖ್ಯಾನದ ಜಾತಿಗೆ ಸೇರಿದುದು. ಅಲ್ಲಿ ತಟ್ಟೆಯೇ ಕೃತಿ. ಕೇಳುವವನಿಗೆ ಏನು ಮುಟ್ಟಬೇಕೆಂಬುದನ್ನು ಸಂಗೀತಗಾರರೇ ಬಯಸಿ ಆರಿಸಿಕೊಂಡರು. ಅದಕ್ಕೆ ಧ್ವನಿವರ್ಧಕವು ತಕ್ಕ ಸಾಧನವಾಯಿತು. ಜಾನಪದ ಗೀತಗಳನ್ನು, ಡೊಳ್ಳಿನ ಕುಣಿತವನ್ನು, ಯಕ್ಷಗಾನದ ಹಿಮ್ಮೇಳವನ್ನು ಶಾಶ್ವತವಾಗಿ ಉಳಿಸಬೇಕೆಂದು ಮುದ್ರಿಸುವವರ ಧರ್ಮ ಬೇರೆ. ಅವರು ಮುದ್ರಿಸಿದುದು ನಾಳೆಯ ಸಂಶೋಧಕನಿಗೆ ಸಾಕ್ಷ್ಯ. ಮೃದಂಗ ತಬಲಗಳ ಬಲಮುಖದ ಚರ್ಮವು ತನ್ನ ಮೂಲಸ್ವರದೊಡನೆ ಸುಸಂಗತವಾದ ಉಪಸ್ವರಗಳನ್ನು ಹೊರಡಿಸುತ್ತದೆಂದು ಸಿ. ವಿ. ರಾಮನ್ನರು ೧೯೨೦ರಲ್ಲಿಯೂ ೧೯೩೪ರಲ್ಲಿಯೂ ಪ್ರಕಟಿಸಿದ ಬರಹಗಳಲ್ಲಿ ತೋರಿಸಿಕೊಟ್ಟರು. ಆ ಉಪಸ್ವರಗಳೇ ಆ ವಾದ್ಯಗಳ ಜೀವ. ಧ್ವನಿವರ್ಧಕದ ಕಿವಿಯು ಮೊದಲು ದುರ್ಬಲಗೊಳಿಸುವುದು ಅವುಗಳನ್ನೇ. ಅಂತೆಯೇ ಡೊಳ್ಳಿನ ಗುಡುಗನ್ನು ಶಂಕುವಿನಿಂದ ಮಾತ್ರ ಮುದ್ರಿಸಿದರೆ, ಕೋಲು ಚರ್ಮವನ್ನು ತಾಗುವ ಪೆಟ್ಟಿನ ಮೊನಚು ಕಾಣೆಯಾಗಿ, ಒಂದು ಊರಿನ ಬಡಿತಕ್ಕೂ ಇನ್ನೊಂದು ಊರಿನ ಬಡಿತಕ್ಕೂ ಇರುವ ಭೇದವೇ ಅಳಿಸಿಹೋದೀತು.

ಹಾಗೆಂದು ಸಂಗ್ರಾಹಕರು ಈ ಉಪಾಯವನ್ನು ತೊರೆಯಬೇಕಾದುದೂ ಇಲ್ಲ. ಇಂದು ಹಲವು ಮುದ್ರಣಗಳನ್ನು ಏಕಕಾಲದಲ್ಲಿ ಬೇರೆಬೇರೆಯಾಗಿ ಇಟ್ಟುಕೊಳ್ಳುವ ಸೌಕರ್ಯ ಅಲ್ಪ ವೆಚ್ಚಕ್ಕೆ ದೊರೆಯುತ್ತದೆ. ಒಳ್ಳೆಯ ಮೈಕಿನ ಮುದ್ರಣವನ್ನು ಮೂಲವಾಗಿ ಕಾಪಾಡಿ, ಶಂಕುವಿನ ಮುದ್ರಣವನ್ನು ಅದರೊಡನೆ ಬೆರಸದೆ ಪಕ್ಕದಲ್ಲಿರಿಸಬಹುದು. ಕೇಳುವವರಿಗಾಗಿ ಪ್ರತಿಗಳನ್ನು ಸಿದ್ಧಪಡಿಸುವಾಗ ಎರಡನ್ನೂ ಬೇಕಾದ ಹದಕ್ಕೆ ಕೂಡಿಸಬಹುದು. ಯಾವ ಶಂಕು, ಎಷ್ಟು ಅಗಲ, ವಾದ್ಯದಿಂದ ಎಷ್ಟು ದೂರ, ತಂತಿಗಳು ನೇರವೋ ಅದಲುಬದಲೋ ಎಂಬ ನಾಲ್ಕು ಸಂಗತಿಗಳನ್ನು ಮುದ್ರಣದ ವಿವರಪತ್ರದಲ್ಲಿ ಗಾಯಕರ ಹೆಸರು, ಊರು, ದಿನಾಂಕಗಳ ಜೊತೆಯಲ್ಲಿಯೇ ಬರೆದಿಡಬೇಕು. ಅಷ್ಟು ಮಾಡಿದರೆ, ಮುಂದೆ ಆ ನಾದವನ್ನು ಪರಿಶೀಲಿಸುವವನು ವಾದ್ಯಕ್ಕೆ ಸೇರಿದುದೆಷ್ಟು, ಉಪಕರಣಕ್ಕೆ ಸೇರಿದುದೆಷ್ಟು ಎಂಬುದನ್ನು ತಾನೇ ಬೇರ್ಪಡಿಸಿಕೊಳ್ಳಬಲ್ಲನು.